ಇಲಿಯ ಹೊಟ್ಟೆಯಲ್ಲಿ ನೀಲಿ ಕಲ್ಲು

ಉಂಗುರ ಇಲಿಯ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ಗಾಬರಿಯಾಗಲಿಲ್ಲ. ಚಿಮಟವನ್ನು ತುಸು ಹಿಂದಕ್ಕೆಳೆದು, ಇಲಿಯ ಕತ್ತನ್ನು ನೆಟ್ಟಗೆ ಮಾಡಿ ಮತ್ತೆ ತಳ್ಳಿದ. ಈ ಸಲ ಸಲೀಸಾಗಿ ಇಳಿಯಿತು. ಇಲಿ ಸತ್ತು ಯಾವ ಕಾಲವಾಗಿತ್ತೋ. ಸಾಕುಪ್ರಾಣಿ ಅಂಗಡಿಯ ಫ್ರೀಜರಿನಲ್ಲಿ ಕಲ್ಲಾಗಿದ್ದದ್ದು ಈಗ ಅವನ ಶೇವಿಂಗ್ ಮಗ್ಗಿನ ಬಿಸಿನೀರಲ್ಲಿ ಮೆತ್ತಗಾಗಿತ್ತು. ಹೊಟ್ಟೆಯನ್ನು ಹೊರಗಿನಿಂದ ಒತ್ತಿ ನೋಡಿದ. ಏನೂ ತಿಳಿಯುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಬೆಳಗಿಂದ ಸಂಜೆವರೆಗೆ ಸಾಸಿವೆಯಷ್ಟು ಸ್ಕ್ರೂ ತಿರುಗಿಸುವ ಕೈಗೆ ಇದೇನು ಮಹಾ.

ಅಡುಗೆಮನೆಯಲ್ಲಿ ದೊಡ್ಡಮ್ಮ ಇನ್ನೂ ಹಿಟ್ಟು ನಾದುತ್ತಿದ್ದಳು. ನಾದುವ ಮೊದಲು ಉಂಗುರ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಡುವುದು ಅವಳ ರೂಢಿ. ನೀರು ಕುಡಿಯುವ ನೆವದಲ್ಲಿ ಹೋದವನು ಅದನ್ನು ಎತ್ತಿಕೊಂಡು ಬಂದಿದ್ದ. ನೀರನ್ನೂ ಕುಡಿದಿದ್ದ. ಅವನು ಅಂಥ ವಿವರಗಳನ್ನು ಬಿಡುವವನಲ್ಲ.

ಆ ನೀಲಿ ಕಲ್ಲಿನ ಉಂಗುರ ಅವಳದ್ದಲ್ಲ, ಅವನ ಅಮ್ಮನದು. ಆಸ್ಪತ್ರೆಗೆ ಹೊರಟಾಗ ಅಮ್ಮ, "ಬರೋವರೆಗೂ ಇಟ್ಕೊಂಡಿರಕ್ಕ" ಎಂದು ಕೊಟ್ಟಿದ್ದಳು. ಅಮ್ಮ ಬರಲಿಲ್ಲ. ಉಂಗುರ ದೊಡ್ಡಮ್ಮನ ಬೆರಳಲ್ಲೇ ಕೂತಿತು. ಒಮ್ಮೆ ಬಾಯಿಬಿಟ್ಟು ಕೇಳಿದ್ದ.

"ನಿನ್ ಕೈಗೆ ಕೊಟ್ರೆ ಉಳಿಯತ್ತೇನೋ ಅದು? ಇದುವರೆಗೂ ಎಷ್ಟು ಛತ್ರಿ ಕಳ್ದಿದೀಯ, ಮೊದ್ಲು ಅದನ್ನ ಹೇಳು."

ಅಮ್ಮನಿಗೂ ಛತ್ರಿಗೂ ಏನು ಸಂಬಂಧವೆಂದು ಅವನಿಗೆ ಆಗ ಹೊಳೆಯಲಿಲ್ಲ. ವ್ಯಾಜ್ಯ ಛತ್ರಿಯಲ್ಲೇ ಮುಗಿದುಹೋಯಿತು.

ಕದಿಯುವುದು ಸುಲಭವಿತ್ತು. ಕಷ್ಟವಿದ್ದದ್ದು ದೊಡ್ಡಪ್ಪ. ಇಡೀ ಸರ್ವೀಸು ಕಸ್ಟಮ್ಸ್‌ನಲ್ಲಿ ಕಳೆದ ಮನುಷ್ಯ. ಬೂಟಿನ ಹಿಮ್ಮಡಿ, ಸೋಪಿನ ಹೊಟ್ಟೆ, ಗೊಂಬೆಯ ತಲೆ, ಒಮ್ಮೆ ಯಾರದೋ ಮರದ ಕಾಲು, ಎಲ್ಲವನ್ನೂ ಬಗೆದವನು. ರಿಟೈರಾದ ಮೇಲೂ ಚಟ ಹೋಗಿರಲಿಲ್ಲ. ಮನೆಯಲ್ಲಿ ಬಾಚಣಿಗೆ ಕಾಣದಿದ್ದರೂ ಬಾಗಿಲಿಗೆ ಚಿಲಕ ಹಾಕಿ ಎಲ್ಲರ ಜೇಬು ತಡಕುತ್ತಿದ್ದ. ಇಂಥವನ ಮನೆಯಲ್ಲಿ ಬಚ್ಚಿಡುವ ಜಾಗ ಒಂದೇ: ಅವನು ಕೈ ಹಾಕಲು ಹೆದರುವ ಜಾಗ. ದೊಡ್ಡಪ್ಪ ಹೆದರುತ್ತಿದ್ದದ್ದು ಎರಡಕ್ಕೆ. ಒಂದು ಹಾವು. ಇನ್ನೊಂದು ದೊಡ್ಡಮ್ಮ, ಆದರೆ ಅವಳ ಹೊಟ್ಟೆಗೆ ಉಂಗುರ ಇಳಿಸುವುದು ಕಾರ್ಯಸಾಧ್ಯವಿರಲಿಲ್ಲ.

ಹಾಗಾಗಿ ನಿನ್ನೆ ಸಂಜೆ ಬಾಲ್ ಪೈಥಾನ್ ಮನೆಗೆ ಬಂತು. ವಿಷವಿಲ್ಲದ, ಮೊಳಕೈಗೆ ಸುತ್ತಿಕೊಳ್ಳುವಷ್ಟು ಉದ್ದದ ಸಾಧು ಹೆಬ್ಬಾವು.

"ಹುಡುಗಿ ನೋಡೋಣ ಅಂದ್ರೆ ಹಾವು ತಂದಿದೀಯಲ್ಲೋ!" ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡಳು.

"ಹಾವು ಎದುರು ಮಾತಾಡಲ್ಲ, ದೊಡ್ಡಮ್ಮ."

ತಯಾರಿಯಲ್ಲಿ ಅವನು ಏನನ್ನೂ ಬಿಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿ. ಕೆಳಗೆ ತೆಂಗಿನ ನಾರು, ಮೂಲೆಯಲ್ಲಿ ನೀರಿನ ಬಟ್ಟಲು, ಅಡಗಲು ಬೋರಲು ಹಾಕಿದ ಮಡಕೆ. ಶಾಖಕ್ಕೊಂದು, ತೇವಕ್ಕೊಂದು ಮಾಪಕ. ದೊಡ್ಡಮ್ಮನ ಮನೆಯಲ್ಲಿ ಅವನಿಗೇ ಇಷ್ಟು ಸೌಕರ್ಯ ಸಿಕ್ಕಿರಲಿಲ್ಲ. ಖಾಲಿ ಹೊಟ್ಟೆಯ ಹಾವೇ ಬೇಕೆಂದು ಮಾರುವವನಿಗೆ ಒತ್ತಿ ಹೇಳಿದ್ದ. ಹಾವು ಇಲಿ ನುಂಗುತ್ತದೆ. ಮೂಳೆ ಕರಗುತ್ತದೆ, ಚಿನ್ನ ಕರಗುವುದಿಲ್ಲ. ಅದು ಹೊರಬೀಳುವ ಹೊತ್ತಿಗೆ ಅವನು ಕನ್ನಡಕದ ಅಂಗಡಿಯ ಮಹಡಿಯ ಕೋಣೆಗೆ ಹೋಗಿರುತ್ತಾನೆ, ಪೆಟ್ಟಿಗೆ ಸಮೇತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಇಲ್ಲಿ ಕೋಲೇ ಬೇಕಿರಲಿಲ್ಲ.

"ರೀ! ನನ್ ಉಂಗ್ರ!"

ಅಂದುಕೊಂಡಂತೆಯೇ ಚಿಲಕ ಬಿತ್ತು. ಅಂದುಕೊಂಡಂತೆಯೇ ದೊಡ್ಡಪ್ಪ ಮೊದಲು ಸಿಂಕಿನ ಕೊಳವೆ ಬಿಚ್ಚಿದ, ಆಮೇಲೆ ಹಿಟ್ಟಿನ ಮುದ್ದೆಯನ್ನು ಚೂರುಚೂರು ಮಾಡಿದ, ಕೊನೆಗೆ ಅವನ ಕೋಣೆಗೆ ಬಂದ. ಟೂತ್‌ಪೇಸ್ಟು ಪೂರಾ ಹಿಂಡಿದ. ದಿಂಬು ಬಿಚ್ಚಿದ. ಬೂಟಿನೊಳಗೆ ಮೂಗಿಟ್ಟು, ಅದರ ಫಲ ಅನುಭವಿಸಿದ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು, ಪಾಪ ನಿಮ್ಗೆ," ಅವನು ಮರುಗಿದ. ಇಕ್ಕಳದ ತುದಿಯಲ್ಲಿ ಇಲಿ ನೇತಾಡುತ್ತಿತ್ತು.

ದೊಡ್ಡಪ್ಪ ಹೊಸ್ತಿಲಿಗೆ ಹಿಂದೆ ಸರಿದ. "ಆ ಪೆಟ್ಟಿಗೆ?"

ಅವನೇ ಮಡಕೆ ಎತ್ತಿ ತೋರಿಸಿದ, ನಾರು ಕೆದಕಿದ, ಬಟ್ಟಲಿನ ನೀರು ಅಲುಗಿಸಿದ. "ಸಾಹೇಬ್ರು ಮಲಗಿದಾರೆ. ಎತ್ತಿ ಕೊಡ್ಲಾ, ನೀವೇ ನೋಡ್ತೀರಾ?"

"ಥೂ, ಅಲ್ಲೇ ಇರ್ಲಿ!" ಎಂದ ದೊಡ್ಡಪ್ಪ. ಆದರೆ ಕಣ್ಣು ಇಲಿಯ ಮೇಲಿತ್ತು. "ಸತ್ತ ಇಲಿ ಅಲ್ವಾ ಅದು?"

"ಇವನ ಊಟ, ದೊಡ್ಡಪ್ಪ."

"ನೋಡು. ಸರ್ವೀಸಲ್ಲಿ ನನ್ನದೊಂದೇ ನಿಯಮ. ನಾಯಿ ಮೂಸಿ ಮುಂದೆ ಹೋದ ಪೆಟ್ಟಿಗೇನ ನಾನು ತೆಗೀಲಿಲ್ಲ. ನಾಯಿ ಹಟ ಹಿಡಿದ ಪೆಟ್ಟಿಗೇನ ಮಂತ್ರಿದಾದ್ರೂ ಬಿಡ್ಲಿಲ್ಲ. ಪ್ರಾಣಿಗೆ ಲಂಚ ಗೊತ್ತಿಲ್ಲ. ನಿನ್ನ ಹಾವು ತಿಂದ್ರೆ ಇಲಿ ಬರೀ ಇಲಿ, ನಿನ್ನ ತಂಟೆಗೆ ಬರಲ್ಲ. ತಿನ್ಲಿಲ್ವೋ, ಇಲೀನ ಕುಯ್ದು ನೋಡ್ತೀನಿ. ಏ, ಚಾಕು ತಾರೇ!"

"ನನ್ನ ತರಕಾರಿ ಚಾಕು ಮುಟ್ಟಿದ್ರೆ ನೋಡಿ!" ಒಳಗಿಂದ ದೊಡ್ಡಮ್ಮ.

ದೊಡ್ಡಪ್ಪ ಕನ್ನಡಿಯ ಮುಂದಿದ್ದ ಬ್ಲೇಡು ಎತ್ತಿಕೊಂಡ.

ಇತ್ತ ಅವನಿಗೆ ನಗು ತಡೆಯುವುದೇ ಕಷ್ಟವಾಯಿತು. ಇಷ್ಟು ಒಳ್ಳೆಯ ಕರಾರನ್ನು ಅವನೇ ಕೂತು ಬರೆದಿದ್ದರೂ ಬರೆಯಲಾಗುತ್ತಿರಲಿಲ್ಲ. "ಆಗ್ಲಿ ದೊಡ್ಡಪ್ಪ, ನೀವು ಹೇಳಿದ್ ಹಾಗೇ," ಎಂದು ವಿನಯದಿಂದ ಮುಚ್ಚಳ ಸರಿಸಿ ಇಲಿಯನ್ನು ಒಳಗಿಳಿಸಿದ.

ಹಾವು ತಲೆ ಎತ್ತಿತು. ನಾಲಿಗೆ ಆಡಿಸಿತು. ಇಲಿಯ ಮೂತಿಯ ತನಕ ಬಂದು ನಿಂತಿತು. ಅವನು ಜೀವ ಇದೆಯೆನ್ನುವ ಹಾಗೆ ಇಲಿಯನ್ನು ಅಲುಗಿಸಿದ. ಹಾವು ಹಿಂದೆ ಸರಿಯಿತು. ಆಗ, ನಿನ್ನೆ ಪೆಟ್ಟಿಗೆ ಕಟ್ಟಿಕೊಡುವಾಗ ಮಾರುವವನು ಏನೋ ಹೇಳುತ್ತಿದ್ದದ್ದು ನೆನಪಾಯಿತು. ಆ ಹೊತ್ತಿನಲ್ಲಿ ತನ್ನ ಲಕ್ಷ್ಯವೆಲ್ಲ ಹಾವಿನ ಬಾಯಿಯ ಅಗಲದ ಮೇಲಿತ್ತು. "ಮನೆ ಬದಲಾದ್ರೆ ಇವಕ್ಕೆ ಭಾರಿ ಸಂಕೋಚ ಸಾರ್. ಹೊಸ ಜಾಗಕ್ಕೆ ಹೊಂದ್ಕೊಳ್ಳೋವರೆಗೂ, ಎಷ್ಟೇ ಹಸಿದಿದ್ರೂ, ಬಾಯಿ ಬಿಡಲ್ಲ. ಒಂದು ವಾರ ಊಟದ ಮಾತೇ ಎತ್ಬೇಡಿ." ಹೊಸ್ತಿಲ ಹತ್ತಿರ ಬ್ಲೇಡಿನ ಕಾಗದ ಬಿಚ್ಚುವ ಸದ್ದಾಯಿತು. "ತಿನ್ನೋ ನಮ್ಮಪ್ಪಾ," ಎಂದು ಪಿಸುಗುಟ್ಟುತ್ತ ಅವನು ಇಲಿಯನ್ನು ಹಾವಿನ ತುಟಿಗೇ ತಾಗಿಸಿದ. ಹಾವು ಮುಖ ತಿರುಗಿಸಿತು. ಸುರುಳಿಯ ಮೇಲೆ ಸುರುಳಿ ಬಿಗಿದು, ಚೆಂಡಾಗಿ, ತಲೆಯನ್ನು ನಡುವೆ ಹುದುಗಿಸಿಕೊಂಡಿತು.