ಎಡಗಣ್ಣಿಗೆ ಕಾಣದ ಸಾಲು

ಒಂದು ಕಿರಿದಾದ ಕೋಣೆ. ಕಿಟಕಿಗೆ ಕಪ್ಪು ಪರದೆ. ನಡುವೆ ಎತ್ತರದ ಕುರ್ಚಿ. ಕುಳಿತೆದ್ದವರ ಅಂಗೈಗಳು ಸವೆಸಿ ಸವೆಸಿ ಅದರ ಕೈಗಳ ಬಣ್ಣ ಮಾಸಿದೆ. ಎದುರುಗೋಡೆಯಲ್ಲಿ ಬೆಳಕಿನ ಪೆಟ್ಟಿಗೆ. ಅದರ ಮೇಲೆ ಅಕ್ಷರಗಳು: ತುದಿಯಲ್ಲಿ ಅಂಗೈಯಗಲದ್ದೊಂದು, ಕೆಳಗಿಳಿದಂತೆ ಸಣ್ಣವಾಗುತ್ತ, ಕೊನೆಗೆ ಇರುವೆಗಳಂತೆ ಏಳು. ಮೇಜಿನ ಮೇಲಿನ ಮರದ ತಟ್ಟೆಯಲ್ಲಿ ನೂರಾರು ದುಂಡು ಗಾಜುಗಳು, ಒಂದೊಂದೂ ತನ್ನ ಗೂಡಿನಲ್ಲಿ, ಗೋಡೆಯ ಬೆಳಕನ್ನು ತನ್ನ ಪಾಲಿಗೆ ಬಂದಷ್ಟು ಹಿಡಿದುಕೊಂಡು ಸುಮ್ಮನಿವೆ. ಏನೂ ಅಲುಗುತ್ತಿಲ್ಲ. ಕುರ್ಚಿಯಲ್ಲಿ ಕುಳಿತಿರುವ ಅವಳೂ.

"ಬಲಗಣ್ಣು ಮುಚ್ಕೊಳ್ಳಿ. ಈಗ ಕೊನೆ ಸಾಲು ಓದಿ."

ಅವಳು ಏಳೂ ಅಕ್ಷರಗಳನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಕತ್ತಲಲ್ಲಿ ಸಣ್ಣದೊಂದು ನಗು.

"ಇದು ಓದಿದ್ದಲ್ಲ ಮೇಡಂ, ಬಾಯಿಪಾಠ! ಬಲಗಣ್ಣಲ್ಲಿ ಓದುವಾಗಲೇ ಕಲ್ತುಬಿಟ್ಟಿದೀರಿ. ಎಡಗಣ್ಣಿಗೆ ನಾಲ್ಕನೇ ಸಾಲೂ ಕಾಣ್ತಿಲ್ಲ... ಹೌದೋ ಅಲ್ವೋ?"

ಅವಳ ಕಿವಿ ಬಿಸಿಯಾಯಿತು. ಊರಿನ ದೊಡ್ಡ ಬ್ಯಾಂಕಿನ ಮೂರನೆಯ ಮಹಡಿಯಲ್ಲಿ ಇತರರ ಕಳ್ಳಾಟ ಹಿಡಿಯುವುದೇ ಅವಳ ಉದ್ಯೋಗ. ಯಾರ ಖಾತೆಗೆ ಹಣ ಏಕೆ ಬಂತು, ಬಂದದ್ದು ಎಲ್ಲಿ ಕರಗಿತು ಎಂದು ದಿನವಿಡೀ ಪರದೆಯ ಮೇಲೆ ಜಾಡು ಹಿಡಿಯುವವಳನ್ನು ಸಹೋದ್ಯೋಗಿಗಳು 'ದುರ್ಬೀನು' ಎಂದೇ ಕರೆಯುತ್ತಿದ್ದರು. ಅಂಥವಳು ಕನ್ನಡಕದಂಗಡಿಯವನ ಕೈಗೆ ಸಿಕ್ಕಿಬಿದ್ದಿದ್ದಳು!

"ನಿಮಗೆ ಹೇಗೆ ಗೊತ್ತಾಯ್ತು?"

"ನಿಜವಾಗಿ ಓದೋರು ಸ್ವಲ್ಪ ತಡವರಿಸ್ತಾರೆ."

ಅವನು ಬಾಗಿ ಅವಳ ಮುಖಕ್ಕೆ ಪರೀಕ್ಷೆಯ ಫ್ರೇಮನ್ನು ತೊಡಿಸಿದ. ಒಂದು ಗಾಜು ತೆಗೆದು ಇನ್ನೊಂದನ್ನು ಇಟ್ಟ. "ಇದು ಚೆನ್ನಾಗಿದೆಯಾ... ಇದಾ?" ಎಂಬ ಮೆಲುದನಿ ಕಿವಿಯ ಪಕ್ಕದಲ್ಲೇ ಇತ್ತು. ಅಕ್ಷರಗಳು ಸ್ಪಷ್ಟವಾಗುತ್ತ ಹೋದವು. ಅವಳ ಮನಸ್ಸು ಮಾತ್ರ ಮಸುಕಾಗುತ್ತ ಬಂತು.

"ಎರಡನೇದು... ಅಲ್ಲ, ಮೊದಲನೇದು."

"ಗಾಬರಿ ಬೇಡ. ಇದರಲ್ಲಿ ಯಾರನ್ನೂ ಫೇಲ್ ಮಾಡಲ್ಲ."

ಹೊರಟವಳು ಅಂಗಡಿಯ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹೋಗಿದ್ದಳಷ್ಟೆ.

"ಎಡಗಣ್ಣಿನವರೇ! ಬಾಗಿಲು!"

ಆ ಬಾಗಿಲು ಹಾಗೆಯೇ. ಕೈಯಿಂದ ಎಳೆಯದಿದ್ದರೆ ಬಾಯಿ ತೆರೆದೇ ನಿಲ್ಲುತ್ತಿತ್ತು. ಹಿಂತಿರುಗಿ ಬಂದ ಅವಳು ಗದರುವಂತೆ ನಟಿಸಿದಳು.

"ಒಂದು ಸ್ಪ್ರಿಂಗ್ ಹಾಕಿಸಬಾರದಾ?"

"ಹಾಕಿಸಿದರೆ ನಿಮ್ಮನ್ನ ವಾಪಸ್ ಕರೆಯೋಕೆ ನೆಪ ಬೇಡ್ವಾ?"

ಆಮೇಲಿನ ಎರಡು ತಿಂಗಳಲ್ಲಿ ಅವಳ ಹೊಸ ಕನ್ನಡಕದ ತಿರುಪು ಐದು ಸಲ ಸಡಿಲವಾಯಿತು. ಅದನ್ನು ಉಗುರಿನಿಂದ ತಿರುಗಿಸಿ ಸಡಿಲಿಸುತ್ತಿದ್ದವರು ಯಾರೆಂಬುದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಬಿಗಿ ಮಾಡಲು ಅರೆಕ್ಷಣ ಸಾಕಾಗುವ ಕೆಲಸಕ್ಕೆ ಅವನು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ.

"ಬ್ಯಾಂಕಲ್ಲಿ ಏನು ಕೆಲಸ ನಿಮ್ದು?" ಎಂದು ಒಮ್ಮೆ ಕೇಳಿದ್ದ.

"ಓದೋ ಕೆಲಸ," ಎಂದಿದ್ದಳು. ಅದಕ್ಕಿಂತ ಹೆಚ್ಚು ಹೇಳುವಂತಿರಲಿಲ್ಲ.

"ಬಾಯಿಪಾಠ ಮಾಡಲ್ಲ ತಾನೇ?"

ಇಬ್ಬರೂ ನಕ್ಕಿದ್ದರು. ಯಾವ ಮಾತು ಮುಂದೆ ಯಾವ ಎದೆಯಲ್ಲಿ ಮುಳ್ಳಾಗುತ್ತದೆಂದು ನಗುವಾಗ ತಿಳಿಯುವುದಿಲ್ಲ.

ಅವಳ ವಿಭಾಗದಲ್ಲಿ ಕಡತಗಳಿಗೆ ಹೆಸರಿರುತ್ತಿರಲಿಲ್ಲ. ಓದುವವರ ಮನಸ್ಸು ಯಾರ ಕಡೆಗೂ ವಾಲಬಾರದೆಂದು ಮೊದಲ ಹಂತದಲ್ಲಿ ಖಾತೆದಾರನ ಹೆಸರನ್ನು ಮರೆಮಾಡಿ, ಸಂಖ್ಯೆಯನ್ನಷ್ಟೇ ಕೊಡುತ್ತಿದ್ದರು. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು: ಖಾತೆ ಪರಿಚಿತರದ್ದೆಂಬ ಸುಳಿವು ಸಿಕ್ಕಿದ ಕ್ಷಣವೇ ಕಡತವನ್ನು ಮೇಲಧಿಕಾರಿಯ ಕೈಗಿಟ್ಟು ದೂರ ಸರಿಯಬೇಕು.

ಆ ಸೋಮವಾರ ಬಂದ ಕಡತದಲ್ಲಿ ಜಾಡು ಕಣ್ಣಿಗೆ ಹೊಡೆಯುವಂತಿತ್ತು. ಬುಧವಾರ ಹತ್ತಾರು ಅಪರಿಚಿತರಿಂದ ಹಣ ಬರುತ್ತದೆ. ಗುರುವಾರ ಸಂಜೆ ನಾಲ್ಕೂ ಕಾಲಿಗೆ ಒಂದೇ ಎಟಿಎಂ ಯಂತ್ರದಿಂದ ಅಷ್ಟೂ ನಗದಾಗಿ ಹೊರಬೀಳುತ್ತದೆ. ವಂಚಕರು ಬೇರೊಬ್ಬರ ಖಾತೆಯನ್ನು ಕಾಲುವೆ ಮಾಡಿಕೊಂಡಾಗ ಕಾಣುವ ಗುರುತು ಇದೇ.

ಅವಳು ಬಂದ ಹಣದ ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದುತ್ತ ಕೆಳಗಿಳಿದಳು. ಎರಡು ತಿಂಗಳ ಹಿಂದಿನ ಒಂದು ಸಣ್ಣ ಮೊತ್ತದ ಬಳಿ ಬೆರಳು ನಿಂತಿತು.

ಕಳುಹಿಸಿದವರ ಖಾತೆಸಂಖ್ಯೆ... ಅವಳದೇ!

ಅದು ಅವಳ ಕನ್ನಡಕದ ಬೆಲೆ.

'ಇಲ್ಲ... ಅವನಲ್ಲ... ಅವನಾಗಿರಲಾರ!' ಆದರೆ ಪ್ರತಿ ಗುರುವಾರ ನಾಲ್ಕಕ್ಕೆ ಅಂಗಡಿಯಲ್ಲಿ ತೂಗುತ್ತಿದ್ದ ಹಲಗೆ ನೆನಪಾಯಿತು: 'ಒಂದು ಗಂಟೆಯಲ್ಲಿ ಬರುತ್ತೇನೆ.'

ಅವಳು ಎದ್ದು ಮೇಲಧಿಕಾರಿಯ ಕೋಣೆಗೆ ಹೋಗಬೇಕಿತ್ತು. ಹತ್ತೇ ಹೆಜ್ಜೆ. ಹೋಗಲಿಲ್ಲ. ಪಕ್ಕದ ಮೇಜಿನವನ ಕೈಗೆ ಸಿಕ್ಕರೆ ಈ ಮನುಷ್ಯ ಬರೀ ಸಂಖ್ಯೆಯಾಗಿಬಿಡುತ್ತಾನೆ, ನನ್ನಷ್ಟು ಮೆತ್ತಗೆ ಇದನ್ನು ಓದುವವರು ಯಾರಿದ್ದಾರೆ ಎಂದುಕೊಂಡಳು. ಪ್ರೀತಿಗೆ ತನ್ನ ಕೈಯ ಮೇಲೆ ಎಷ್ಟೊಂದು ನಂಬಿಕೆ!

ಆ ಗುರುವಾರ ಅವನು ಹಲಗೆ ತೂಗುಹಾಕುವ ಹೊತ್ತಿಗೆ ಅವಳು ಅಂಗಡಿಯ ಮುಂದಿದ್ದಳು.

"ಪ್ರತಿ ಗುರುವಾರ ಎಲ್ಲಿಗೆ ಓಡ್ತೀರಿ? ಯಾರಾದರೂ ಕಾಯ್ತಾ ಇರ್ತಾರಾ?" ದನಿಯನ್ನು ಆದಷ್ಟು ಹಗುರಾಗಿಸಿದ್ದಳು.

"ಕಾಯ್ತಾರಲ್ಲ, ನಮ್ಮಣ್ಣ! ಅವನ ವ್ಯಾಪಾರದ ದುಡ್ಡು ನನ್ನ ಖಾತೆಗೆ ಬರುತ್ತೆ. ತೆಗೆದುಕೊಟ್ಟು ಬರ್ತೀನಿ. ಅವನ ಖಾತೆದು ಏನೋ ತೊಂದರೆಯಂತೆ."

"ಏನು ತೊಂದರೆ ಅಂತ ಕೇಳಲಿಲ್ವಾ?"

"ಅಣ್ಣನ್ನಾ?" ಅವನಿಗೆ ನಗು ಬಂತು. "ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ. ಈ ಅಂಗಡಿ ಹಾಕಿಕೊಟ್ಟವನು ಅವನು. ಅವನನ್ನ ಲೆಕ್ಕ ಕೇಳೋದಾ? ನಾನಂತೂ ಅದರಲ್ಲಿ ಒಂದು ಕಾಸೂ ಮುಟ್ಟಿಲ್ಲ."

ಅವಳಿಗೆ ಅಳುವಷ್ಟು ಸಂತೋಷವಾಯಿತು. 'ಇವನಿಗೆ ಏನೂ ಗೊತ್ತಿಲ್ಲ! ಇವನು ನಿರಪರಾಧಿ!'

ಮರುದಿನ ಬೆಳಗ್ಗೆ ವರದಿಯಲ್ಲಿ ತನಗೆ ತಿಳಿದ ಸತ್ಯವನ್ನು ಬರೆದಳು: 'ಖಾತೆದಾರನು ಈ ಹಣವನ್ನು ತನ್ನ ಅಣ್ಣನ ಪರವಾಗಿ ಪಡೆದು, ಪ್ರತಿ ಗುರುವಾರ ಅವನಿಗೆ ನಗದಾಗಿ ಒಪ್ಪಿಸುತ್ತಾನೆ. ಸ್ವಂತಕ್ಕೆ ಏನನ್ನೂ ಇಟ್ಟುಕೊಂಡಿಲ್ಲ.'

ಮಧ್ಯಾಹ್ನ ಮೇಲಧಿಕಾರಿ ಕರೆಸಿದರು. ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಅವಳನ್ನು ಮಗಳೇ ಎಂದೇ ಕರೆಯುತ್ತಿದ್ದವರು.

"ಈ ಸಾಲು ಎಲ್ಲಿಂದ ಬಂತು ಮಗಳೇ? ಅಣ್ಣ ಅನ್ನೋನು ನಮ್ಮ ಯಾವ ದಾಖಲೆಯಲ್ಲೂ ಇಲ್ವಲ್ಲ?"

ಅವಳು ಎಲ್ಲವನ್ನೂ ಹೇಳಿದಳು.

ಆಕೆ ಆ ಸಾಲಿನ ಮೇಲೆ ಬೆರಳಿಟ್ಟರು. "ಅವನನ್ನ ಉಳಿಸೋಕೆ ಬರೆದಿದೀಯ. ಓದೋರು ಇದನ್ನ ಅವನ ಒಪ್ಪಿಗೆ ಅಂತ ಓದ್ತಾರೆ. ದುಡ್ಡು ತನ್ನದಲ್ಲ ಅಂತ ಗೊತ್ತಿದ್ದೂ ದಾಟಿಸಿದ ಅಂತ. ಬರೀ ಪಟ್ಟಿ ಹೋಗಿದ್ದರೆ ಖಾತೆ ನಿಲ್ಲಿಸಿ, ಅವನನ್ನೇ ಕರೆದು, ನಿಧಾನಕ್ಕೆ ವಿಚಾರಿಸ್ತಿದ್ದರು. ಅವನ ಬಾಯಿಂದಲೇ ಅವನ ಮಾತು ಬರ್ತಿತ್ತು."

"ಅಳಿಸಿಬಿಡ್ತೀನಿ ಮೇಡಂ..."

"ಇಲ್ಲಿ ಅಳಿಸಿದ್ದೂ ಉಳಿಯುತ್ತೆ, ನಿನಗೆ ಗೊತ್ತಿಲ್ವಾ? ಇವತ್ತಿಂದ ನೀನು ಅವನನ್ನ ನೋಡಬಾರದು, ಮಾತಾಡಬಾರದು. ಸುಳಿವು ಕೊಟ್ಟರೆ ಅದೇ ಒಂದು ಅಪರಾಧ." ಆಕೆಯ ದನಿ ಸೋತಿತ್ತು. "ಹತ್ತು ಹೆಜ್ಜೆ ನಡೆಯೋಕೆ ಆಗಲಿಲ್ವೇನೇ ನಿನಗೆ?"

ಆ ಸಂಜೆಯೇ ಅವನ ಸಂದೇಶ ಬಂತು: 'ಎಡಗಣ್ಣಿನವರೇ, ನಿಮಗೆ ಅಂತ ಇನ್ನೂ ತೆಳ್ಳನೆ ಗಾಜು ತರಿಸಿದೀನಿ.'

ಮರುದಿನ: 'ತಿರುಪು ಗಟ್ಟಿಯಾಗಿದೆಯೋ ಹೇಗೆ?'

ಮುಂದಿನ ವಾರ: 'ಖಾತೆ ನಿಲ್ಲಿಸಿದಾರೆ. ನಿಮ್ಮದೇ ಬ್ಯಾಂಕು. ಯಾರನ್ನ ಕೇಳಬೇಕು ಹೇಳ್ತೀರಾ?'

ಕೊನೆಯದು: 'ಅಣ್ಣನ್ನ ಕರ್ಕೊಂಡು ಹೋದರು. ಒಂದು ಮಾತಾಡಿ... ಸಾಕು.'

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಉತ್ತರ ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಆಮೇಲೆ ಆ ಕಡೆಯಿಂದಲೂ ಏನೂ ಬರಲಿಲ್ಲ.

ಹನ್ನೊಂದು ದಿನ ತಮ್ಮನನ್ನೂ ವಿಚಾರಣೆಗೆ ಕರೆದರು. ಪ್ರಕರಣ ಬಯಲಿಗೆ ಬಂದಿತು. ಅವನೊಡನೆ ಮಾತಾಡಬಾರದೆಂದು ಅವಳ ಮೇಲಿದ್ದ ಕಟ್ಟು ಬಿಚ್ಚಿತು. ಜೊತೆಗೆ ಅವಳನ್ನು ದೂರದ ಊರಿನ ಶಾಖೆಗೆ ವರ್ಗ ಮಾಡಿದ ಆದೇಶವೂ ಬಂದಿತು.

ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಬಿಸಿಲಲ್ಲಿ, ಅವಳು ಅಂಗಡಿಯ ಮೆಟ್ಟಿಲೇರಿದಳು. ಕ್ಷಮಿಸುತ್ತಾನೆಯೇ? ಅದೊಂದನ್ನು ತಿಳಿಯದೆ ಆ ಊರು ಬಿಡಲಾರಳು.

ಗಲ್ಲಾಪೆಟ್ಟಿಗೆಯ ಹಿಂದೆ ಹೊಸ ಮುಖ. ಕಣ್ಣ ಸುತ್ತ ಕಪ್ಪು ಕಟ್ಟಿದ ಹೆಂಗಸು. ಅವನ ಅತ್ತಿಗೆ ಎಂದು ಹೇಳಬೇಕಾಗಿರಲಿಲ್ಲ.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಬಾಗಿಲು ಬಿಟ್ಟುಬಿಡಿ, ಅದೇ ಮುಚ್ಕೊಳ್ಳುತ್ತೆ. ಮೊನ್ನೆ ಸ್ಪ್ರಿಂಗ್ ಹಾಕಿಸಿದೆ." ಆಕೆ ಲೋಟದಲ್ಲಿ ನೀರು ಕೊಟ್ಟಳು. "ಬಿಸಿಲಲ್ಲಿ ಬಂದಿದೀರಿ, ಕುಡೀರಿ."

ಬೈದಿದ್ದರೆ ಸಹಿಸಬಹುದಿತ್ತು... ಅವಳು ಲೋಟವನ್ನು ಹಾಗೆಯೇ ಕೆಳಗಿಟ್ಟಳು.

ಪರದೆ ಸರಿಸಿ ಅವನು ಹೊರಬಂದ. ನೋಡಿದ. ಮುಖದಲ್ಲಿ ಏನೋ ಬೆಳಗಿ, ಕೂಡಲೇ ಆರಿತು.

"ಇವರ ಗಾಜು ಬಂದಿದೆ ಅತ್ತಿಗೆ. ಒಳಗೆ ಕೂರಿಸಿ ಹಾಕ್ಕೊಡ್ತೀನಿ."

ಅದೇ ಕತ್ತಲು, ಅದೇ ಕುರ್ಚಿ.

"ವಿಚಾರಣೆ ಮಾಡೋನು ಒಂದು ಕಾಗದ ನೋಡ್ಕೊಂಡು ಓದಿದ," ಅವನ ದನಿ ತಗ್ಗಿತ್ತು. "'ಪ್ರತಿ ಗುರುವಾರ ಅಣ್ಣನಿಗೆ ಒಪ್ಪಿಸುತ್ತಾನೆ, ಸ್ವಂತಕ್ಕೆ ಏನೂ ಇಟ್ಟುಕೊಂಡಿಲ್ಲ.' ಆ ಮಾತನ್ನ ನಾನು ಪ್ರಪಂಚದಲ್ಲಿ ಒಬ್ಬರಿಗೇ ಹೇಳಿದ್ದು."

ಅವಳು ತಲೆ ತಗ್ಗಿಸಿದಳು.

"ಅಣ್ಣ ಮಾಡಿದ್ದು ತಪ್ಪೇ. ಯಾರೋ ಟೀಚರಮ್ಮ, ಮನೆ ಮಾರಿದ ದುಡ್ಡಂತೆ, ಅವನ ಮಾತು ನಂಬಿ ಎಲ್ಲಾ ಕಳೆದುಕೊಂಡಿದಾರೆ. ನೀವಲ್ಲದಿದ್ದರೆ ಇನ್ನೊಬ್ಬರು ಹಿಡೀತಿದ್ದರು. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಒಂದು ಹೇಳಿ... ಆವತ್ತು ಬಾಗಿಲಲ್ಲಿ ನಿಂತು ಕೇಳಿದಿರಲ್ಲ, ಯಾರಾಗಿ ಕೇಳಿದಿರಿ? ನನ್ನ ಎಡಗಣ್ಣಿನವರಾಗಿಯಾ, ಬ್ಯಾಂಕಿನವರಾಗಿಯಾ?"

ಹೇಳಲು ಹಗುರವಾದ ಸುಳ್ಳೊಂದು ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿದಳು.

"ಇಬ್ಬರೂ ಆಗಿ... ಅದೇ ನನ್ನ ತಪ್ಪು. ಕಡತ ಮೇಲಧಿಕಾರಿ ಕೈಗೆ ಕೊಟ್ಟು ಬಂದು ನಿಮ್ಮ ಮುಂದೆ ಸುಮ್ಮನೆ ಕೂತಿರಬೇಕಿತ್ತು. ನಿಮ್ಮನ್ನ ನಾನೇ ಉಳಿಸ್ತೀನಿ ಅಂದುಕೊಂಡೆ. ಅಷ್ಟು... ಅಷ್ಟು ಪ್ರೀತಿ ಮಾಡ್ತಿದ್ದೆ."

"ಗೊತ್ತು. ನಾನೂ ಅಷ್ಟೇ." ಅವನು ತಿರುಪುಳಿಯನ್ನು ಕೈಯಲ್ಲಿ ಹೊರಳಿಸುತ್ತಿದ್ದ. "ಮುಂದಿನ ತಿಂಗಳು ಅಣ್ಣನ ಎದುರು ನಿಂತು ಸಾಕ್ಷಿ ಹೇಳಬೇಕು ನಾನು. ಹೇಳ್ತೀನಿ. ಆಮೇಲೆ ಸಂಜೆ ಮನೆಗೆ ಬಂದು ಅತ್ತಿಗೆ ಬಡಿಸಿದ್ದನ್ನ ಊಟ ಮಾಡಬೇಕು. ಆ ಮನೆಗೆ ನಿಮ್ಮನ್ನ ಯಾರು ಅಂತ ಕರ್ಕೊಂಡು ಹೋಗಲಿ?"

"ಕ್ಷಮಿಸ್ತೀರಾ?"

"ಕ್ಷಮಿಸಿ ಎಷ್ಟೋ ದಿನ ಆಯ್ತು. ಕ್ಷಮಿಸಿದರೆ ಎಲ್ಲಾ ಸರಿಹೋಗುತ್ತೆ ಅಂದುಕೊಂಡಿದ್ದೆ... ಹೋಗಲಿಲ್ಲ."

ಅವನು ಹೊಸ ಕನ್ನಡಕವನ್ನು ಎರಡೂ ಕೈಗಳಲ್ಲಿ ಹಿಡಿದು ಅವಳ ಕಿವಿಗಳ ಮೇಲೆ ನವಿರಾಗಿ ಕೂರಿಸಿದ. ಬೆರಳುಗಳು ಕೆನ್ನೆಯ ಬಳಿ ಒಂದು ಕ್ಷಣ ಹೆಚ್ಚಿಗೆ ನಿಂತವು.

"ಬಲಗಣ್ಣು ಮುಚ್ಕೊಳ್ಳಿ. ಕೊನೆ ಸಾಲು ಓದಿ."

"ಕಾಣ್ತಿಲ್ಲ..."

"ಗಾಜು ಸರಿಯಾಗಿದೆ. ಕಣ್ಣು ಒರೆಸ್ಕೊಂಡು ಓದಿ."

ಅವಳು ಒರೆಸಿಕೊಂಡು ಓದಿದಳು. ಒಂದು ಅಕ್ಷರ... ಇನ್ನೊಂದು... ಮೂರನೆಯದಕ್ಕೆ ತಡವರಿಸಿದಳು. ನಾಲ್ಕನೆಯದಕ್ಕೂ.

"ಸಾಕು," ಎಂದ ಅವನು, ದನಿ ಒಡೆದಿತ್ತು. "ಈಗ ನಿಜವಾಗಿ ಓದ್ತಿದೀರಿ."

"ದುಡ್ಡು?"

"ಬೇಡ. ಕೊಟ್ಟರೆ ನಿಮ್ಮ ಹೆಸರು ಮತ್ತೆ ನನ್ನ ಖಾತೆ ಪಟ್ಟಿಯಲ್ಲಿ ಬರುತ್ತೆ... ನೋಡ್ಕೊಂಡು ಕೂರ್ತೀನಿ. ತಿರುಪು ಈ ಸಲ ಗಟ್ಟಿಯಾಗಿ ಕೂರಿಸಿದೀನಿ, ಸಡಿಲ ಆಗಲ್ಲ."

"ಸಡಿಲ ಮಾಡ್ಕೊಂಡರೆ?"

"ಅಲ್ಲೂ ಯಾರಾದರೂ ಇರ್ತಾರೆ, ಬಿಗಿ ಮಾಡ್ಕೊಡ್ತಾರೆ."

ಅವಳು ಎದ್ದಳು. ಅತ್ತಿಗೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ "ಮತ್ತೆ ಬನ್ನಿ ಅಕ್ಕ" ಎಂದಳು. ಹೊರಗಿನ ಬಿಸಿಲು ಹೊಸ ಗಾಜಿನಲ್ಲಿ ಕಣ್ಣು ಕೋರೈಸುವಷ್ಟು ಸ್ಪಷ್ಟವಾಗಿತ್ತು. ಎದುರು ಗೋಡೆಯ ಬಿರುಕು, ಕಂಬದ ಮೇಲಿನ ತುಕ್ಕು, ಎಲ್ಲವೂ ಕಂಡವು.

ಒಂದು ಹೆಜ್ಜೆ. ಎರಡು. ಮೂರು. ನಾಲ್ಕನೆಯ ಹೆಜ್ಜೆಯಲ್ಲಿ ಅವಳು ನಿಂತಳು. ಕಿವಿ, ತಾನೇ ತಾನಾಗಿ, ಹಿಂದಿನಿಂದ ಬರುವ ಕೂಗಿಗೆ ಕಾಯಿತು.

ಸ್ಪ್ರಿಂಗು ಮೆಲ್ಲಗೆ ಕಿರುಗುಟ್ಟಿತು. ಯಾರೂ ಎಳೆಯದೆ, ಯಾರೂ ಕೂಗದೆ, ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.