ಒಂದೇ ರಿಂಗು

ಮನುಷ್ಯಕುಲದ ಇತಿಹಾಸದಲ್ಲಿ ಕೆಲವು ಸ್ಥಳಾಂತರಗಳು ಸಾಮ್ರಾಜ್ಯಗಳ ಹಣೆಬರಹವನ್ನೇ ಬದಲಿಸಿವೆ. ಅಂಥದೊಂದು ಸ್ಥಳಾಂತರ ಡ್ಯಾನ್ಯೂಬ್ ದಂಡೆಯ ನೋವಿ ಸಾದ್ ನಗರದಲ್ಲಿ, ಒಂದು ಫೋನ್ ಕಂಪನಿಯ ವಿನ್ಯಾಸ ಕಚೇರಿಯಲ್ಲಿ, ಸುಟ್ಟ ದಪ್ಪ ಮೆಣಸಿನಕಾಯಿಯ ಘಮ ಊರಿಡೀ ಹಬ್ಬಿದ್ದ ಸೆಪ್ಟೆಂಬರಿನಲ್ಲಿ ನಡೆಯಿತು. ಹೋಮ್ ಸ್ಕ್ರೀನಿನ ಎಡಮೂಲೆಯಲ್ಲಿ ವರ್ಷಾನುಗಟ್ಟಲೆ ಕೂತಿದ್ದ ಹಸಿರು ಫೋನಿನ ಐಕಾನನ್ನು ಎಬ್ಬಿಸಿ, ಒಂದು ಹೆಬ್ಬೆರಳಿನಷ್ಟು ಬಲಕ್ಕೆ ಕೂರಿಸಲಾಯಿತು. ಅದರ ಜಾಗಕ್ಕೆ ಕ್ಯಾಮೆರಾ ಬಂತು.

ಇದರ ಮೊದಲ ಪೆಟ್ಟು ತಿಂದವರು, ಹೊಸ ಫೋನಿನ ಪರೀಕ್ಷೆಗೆಂದು ಕರೆಸಿದ್ದ ದೆಸಾಂಕಾ ಅಜ್ಜಿ.

"ನಿಮ್ಮ ಗೆಳತಿಗೆ ಫೋನ್ ಮಾಡಿ ಅಜ್ಜಿ, ದಿನಾ ಮಾಡೋ ಹಾಗೇ," ಎಂದಳು ನೆವೆನಾ.

ಜನ ಫೋನನ್ನು ಹೇಗೆ ಬಳಸುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡುವುದೇ ಅವಳ ಉದ್ಯೋಗ. ನೋಡುವುದು ಮಾತ್ರ; ಹೇಳಿಕೊಡುವಂತಿಲ್ಲ. ಆ ಬದಿಯಿಂದಷ್ಟೇ ಪಾರದರ್ಶಕವಾದ ಎದುರಿನ ದೊಡ್ಡ ಕನ್ನಡಿಯ ಆಚೆ ಕಂಪನಿಯವರೂ ಕತ್ತಲಲ್ಲಿ ಕೂತು ನೋಡುತ್ತಾರೆ. ಅವರಂತೂ ಉಸಿರೂ ಎತ್ತುವಂತಿಲ್ಲ.

ಅಜ್ಜಿಯ ಹೆಬ್ಬೆರಳು ಕಣ್ಣು ಮುಚ್ಚಿಕೊಂಡೇ ಎಡಮೂಲೆಗೆ ಹೋಯಿತು. ಪರದೆಯ ತುಂಬ ಎರಡು ಗಲ್ಲ, ಒಂದು ಮೂಗು.

"ಅಯ್ಯಯ್ಯೋ! ಯಾರಮ್ಮ ಈ ಮುದುಕಿ?"

"ನೀವು ಏನು ಹುಡುಕ್ತಾ ಇದ್ರಿ?"

"ಸಾವ್ಕಾನ ಹುಡುಕ್ತಿದ್ದೆ. ಇವಳು ಬಂದು ಕೂತ್ಲು!"

ಮತ್ತೆ ಒತ್ತಿದರು. ಮತ್ತದೇ ಮುದುಕಿ. ಇನ್ನೊಮ್ಮೆ. ಈ ಸಲ ಅಜ್ಜಿ ಆ ಮುದುಕಿಯನ್ನು ಬೈಯಲು ಶುರುಮಾಡಿದರು.

ಧಡಾರನೆ ಬಾಗಿಲು ತೆರೆಯಿತು! ಕೆದರಿದ ತಲೆಯ, ಉದ್ದನೆಯ ಮನುಷ್ಯನೊಬ್ಬ ಒಳಗೆ ನುಗ್ಗಿದ.

"ಅಜ್ಜಿ, ಪಕ್ಕದ್ದು! ಅದರ ಪಕ್ಕದ್ದು ಒತ್ತಿ! ಎಷ್ಟು ಸುಲಭ ಇದೆ..."

ನೆವೆನಾ ನಿಧಾನವಾಗಿ ತಲೆ ಎತ್ತಿದಳು. ಅವಳು ದಕ್ಷಿಣದ ನಿಶ್ ಊರಿನವಳು. ಆ ಕಡೆಯ ಮೆಣಸಿನಕಾಯಿಗೂ ಹೆಣ್ಣುಮಕ್ಕಳ ಕಣ್ಣಿಗೂ ಒಂದೇ ಖಾರ ಎಂದು ಈ ಕಡೆಯವರು ಆಡಿಕೊಳ್ಳುತ್ತಾರೆ.

"ನೀವು ಯಾರು?"

"ತಿಹೊಮಿರ್. ಈ ಹೋಮ್ ಸ್ಕ್ರೀನ್ ಮಾಡಿದ್ದು ನಾನೇ. ಸುಮ್ನೆ ಒಂಚೂರು ಸಹಾಯ..."

"ಅಂಗಡೀಲಿ ಪ್ರತಿ ಫೋನಿನ ಜೊತೆ ನಿಮ್ಮನ್ನೂ ಪೆಟ್ಟಿಗೇಲಿಟ್ಟು ಮಾರ್ತಾರಾ?"

"...ಇಲ್ಲ."

"ಹಾಗಾದ್ರೆ ಹೊರಗೆ."

ಅವನು ಕಿವಿಯವರೆಗೂ ಕೆಂಪಾಗಿ ಹೊರಗೆ ಹೋದ. ಅಜ್ಜಿ ಅವನು ಹೋದ ದಿಕ್ಕನ್ನೇ ನೋಡಿ, "ಹುಡುಗ ನೋಡೋಕೆ ಚೆನ್ನಾಗಿದಾನೆ ಮಗಾ. ಮಾಡಿದ್ದು ಮಾತ್ರ ದರಿದ್ರವಾಗಿದೆ," ಎಂದು ತೀರ್ಪು ಕೊಟ್ಟರು. ಪರೀಕ್ಷೆಗೆಂದು ಆ ಫೋನನ್ನು ಕೆಲವು ವಾರ ಮನೆಯಲ್ಲಿಟ್ಟುಕೊಳ್ಳಲು ಒಪ್ಪಿ, ತಮ್ಮ ಸಿಮ್ಮನ್ನು ಅದಕ್ಕೆ ಹಾಕಿಸಿಕೊಂಡು ಹೊರಟರು.

ಸಂಜೆ ತಿಹೊಮಿರ್ ಅವಳ ಮೇಜಿನ ಬಳಿ ಬಂದು ನಿಂತ. ಜಗಳಕ್ಕೇ ಬಂದಿದ್ದಾನೆ ಎಂದುಕೊಂಡು ನೆವೆನಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಆ ಅಜ್ಜಿ ಮೂರು ಸಲ ತಪ್ಪು ಒತ್ತಿದ್ರು. ನೀವು ಒಂದು ಸಲಾನೂ ಬಾಯಿ ಬಿಡ್ಲಿಲ್ಲ," ಎಂದ. "ಅದು ಹೇಗೆ ಸಾಧ್ಯ? ನನಗೆ ಕಲಿಸ್ತೀರಾ?"

ಅವಳು ಸಿದ್ಧಪಡಿಸಿಟ್ಟಿದ್ದ ಉತ್ತರಗಳೆಲ್ಲ ದಂಡವಾದವು.

"ನಾನು ಜನರ ಮನೆಗಳಿಗೆ ಹೋಗ್ತೀನಿ. ಬೇಕಾದ್ರೆ ಬನ್ನಿ. ಆದರೆ ಆ ಮನೆಗಳಲ್ಲಿ ನಾನು ಹೇಳೋವರೆಗೂ ನೀವು ಬಾಯಿ ಬಿಡೋ ಹಾಗಿಲ್ಲ."

"ಕೊಟ್ಟಿದ್ದು ತಿನ್ನೋಕೆ?"

"ತಿನ್ನೋಕೆ ಮಾತ್ರ ಬಿಡಬಹುದು."

ಅವನು ತಿಂದ! ಹೋದ ಮನೆಯಲ್ಲೆಲ್ಲ ಮೊದಲು ಚಮಚದಲ್ಲಿ ಚೆರ್ರಿ ಮುರಬ್ಬ, ಲೋಟದಲ್ಲಿ ನೀರು, ಆಮೇಲೆ ಕಾಫಿ, ಆಮೇಲೆ "ಇಷ್ಟೇನಾ ತಿನ್ನೋದು?" ಎಂಬ ಗದರಿಕೆ. ಟ್ಯಾಕ್ಸಿಯವನು, ದಾದಿ, ಹೊಸದಾಗಿ ವಿಚ್ಛೇದನ ಪಡೆದ ಮೇಷ್ಟ್ರು... ಎಲ್ಲರ ಅಡುಗೆಮನೆಯ ಮೂಲೆಯಲ್ಲೂ ಅವನು ಬಾಯಿ ತುಂಬಿಕೊಂಡು, ಕಣ್ಣರಳಿಸಿಕೊಂಡು ಕೂತ.

ನೆವೆನಾ ಕೇಳುವ ಪ್ರಶ್ನೆಗಳು ಚಿಕ್ಕವು. "ಇದನ್ನ ಯಾಕೆ ಇಲ್ಲಿಟ್ಟಿದೀರಿ?" ಎಂದು ಕೇಳಿ ಸುಮ್ಮನಾಗಿಬಿಡುತ್ತಿದ್ದಳು. ಆ ಮೌನದೊಳಕ್ಕೆ ಜನ ತಾವಾಗಿಯೇ ಇಳಿದು ಬರುತ್ತಿದ್ದರು. ಆ ಮೇಷ್ಟ್ರು ತಮ್ಮ ಹೋಮ್ ಸ್ಕ್ರೀನಿನ ನಡುವಿನ ಖಾಲಿ ಜಾಗ ತೋರಿಸಿ, "ಇಲ್ಲಿ ಅವಳ ಫೋಟೋ ಇತ್ತು. ಇನ್ನೇನು ಹಾಕಬೇಕೋ ಗೊತ್ತಾಗ್ಲಿಲ್ಲ," ಎಂದರು. ನೆವೆನಾ ತಲೆಯಷ್ಟೇ ಆಡಿಸಿದಳು. ಇಷ್ಟು ಚೆನ್ನಾಗಿ ಸುಮ್ಮನಿರುವವರನ್ನು ತಿಹೊಮಿರ್ ಜನ್ಮದಲ್ಲಿ ಕಂಡಿರಲಿಲ್ಲ.

ಇತ್ತ ನೆವೆನಾ ಕಂಡದ್ದು ಅವನ ಕೈಗಳನ್ನು. ಪ್ರತಿ ಮನೆಯಿಂದ ಹೊರಬಿದ್ದ ಕೂಡಲೇ ಅವನು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು, ಕಾಗದದ ಕರವಸ್ತ್ರದ ಮೇಲೆ ಪರದೆಯನ್ನು ಹೊಸದಾಗಿ ಬರೆಯುತ್ತಿದ್ದ. ತಿಂಗಳುಗಟ್ಟಲೆ ತಿದ್ದಿ ತೀಡಿದ್ದನ್ನು ಒಂದು ಗೀಟಿನಲ್ಲಿ ಹೊಡೆದುಹಾಕುತ್ತಿದ್ದ. ಮುಖದಲ್ಲಿ ಒಂದಿಷ್ಟೂ ಸಂಕಟವಿಲ್ಲ!

*ತನ್ನ ಕೆಲಸವನ್ನು ತಾನೇ ಅಳಿಸಬಲ್ಲ ಗಂಡಸು... ಇಂಥವರೂ ಇರ್ತಾರಾ?*

ಹೀಗೆಂದುಕೊಂಡ ದಿನವೇ ಅವಳು ತನ್ನ ಸ್ವಂತ ಫೋನಿಗೂ ಅವನ ಹೋಮ್ ಸ್ಕ್ರೀನನ್ನು ಹಾಕಿಕೊಂಡಳು. ಬೈಸಿಕೊಂಡಿದ್ದ ಅದೇ ಹಳೆಯದು. ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಇಬ್ಬರೂ ಡ್ಯಾನ್ಯೂಬ್ ದಂಡೆಯಲ್ಲಿ ನಡೆಯುತ್ತಿದ್ದರು. ಆಚೆ ದಡದ ಕೋಟೆಯ ಗಡಿಯಾರ ನೋಡಿ ನೆವೆನಾ ಹೌಹಾರಿದಳು.

"ಅಯ್ಯೋ, ಎಂಟೂವರೆ! ...ಅಲ್ಲ ಅಲ್ಲ, ಆರು ನಲವತ್ತು. ಥೂ! ಈ ಊರಿಗೆ ಬಂದು ಮೂರು ವರ್ಷ ಆದ್ರೂ ಈ ಗಡಿಯಾರದ ಕೈಲಿ ಮೋಸ ಹೋಗ್ತೀನಿ. ಉದ್ದದ ಮುಳ್ಳು ಗಂಟೆ ತೋರಿಸುತ್ತೆ, ಗಿಡ್ಡದು ನಿಮಿಷ. ಯಾವ ತಲೆತಿರುಕ ಮಾಡಿದ್ದು?"

"ತಲೆತಿರುಕ ಅಲ್ಲರೀ. ಹೊಳೇಲಿ ದೋಣಿ ಮೇಲಿರೋನಿಗೆ ನಿಮಿಷ ಕಟ್ಕೊಂಡು ಏನಾಗಬೇಕು? ಅಷ್ಟು ದೂರದಿಂದ ಗಂಟೆ ಕಂಡ್ರೆ ಸಾಕು. ಅದಕ್ಕೇ ಗಂಟೆಗೆ ಉದ್ದದ ಮುಳ್ಳು ಅಂತ ನಮ್ಮ ತಾತ ಹೇಳೋರು."

ನೆವೆನಾ ನಿಂತೇಬಿಟ್ಟಳು.

"ಇದು ಗೊತ್ತಿದ್ದೂ ಹಸಿರು ಫೋನನ್ನ ಕದಲಿಸಿದ್ರಾ?"

"ಗೊತ್ತಿತ್ತು... ನೆನಪಿರಲಿಲ್ಲ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಯಾರೂ ಮುಂದೆ ಹೆಜ್ಜೆ ಇಡಲಿಲ್ಲ. ಸೇತುವೆಯ ಆಚೆ ಹೋಗುವ ಅವನ ಬಸ್ಸು ಬಂತು. ಅವನು ಹತ್ತುವಾಗ, ಅವಳ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಮಾತು ಜಾರಿತು.

"ಮನೆ ತಲುಪಿದ ಮೇಲೆ ಒಂದು ರಿಂಗ್ ಕೊಡು."

ಕೊಡು! 'ಕೊಡಿ' ಅಲ್ಲ, 'ಕೊಡು'. ಬಸ್ಸಿನ ಕಿಟಕಿಯಲ್ಲಿ ತಿಹೊಮಿರನ ಮುಖ ಬೆಳಗಿದ್ದನ್ನು ಕಂಡು ಅವಳಿಗೆ ತನ್ನ ನಾಲಗೆಯ ಮೇಲೆ ನಾಚಿಕೆಯೂ ಮೆಚ್ಚಿಕೆಯೂ ಒಟ್ಟಿಗೇ ಬಂದವು.

ಒಂದು ರಿಂಗ್ ಕೊಟ್ಟು ಕತ್ತರಿಸುವುದು ಇಲ್ಲಿ ಎಲ್ಲರೂ ಬಲ್ಲ ಭಾಷೆ. ಕಾಸು ಉಳಿಸಲೆಂದು ಹುಟ್ಟಿದ ಅಭ್ಯಾಸ, ಕಾಸಿನ ಕಷ್ಟ ಹೋದ ಮೇಲೂ ಉಳಿದುಕೊಂಡಿದೆ. 'ತಲುಪಿದೆ', 'ಕೆಳಗಿದೀನಿ, ಇಳಿದು ಬಾ', 'ನಿನ್ನ ನೆನಪಾಯ್ತು'... ಎಲ್ಲವೂ ಒಂದೇ ರಿಂಗಿನಲ್ಲಿ. ಎತ್ತಿಬಿಟ್ಟರೆ ಅರ್ಥವೇ ಕೆಡುತ್ತದೆ.

ನೆವೆನಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಫೋನು ಸದ್ದು ಮಾಡಲಿಲ್ಲ.

*ಮರೆತಿರಬೇಕು...* ಮರುದಿನ ಸಂಜೆಯೂ ಕಾದಳು. ಇಲ್ಲ. ಅದರ ಮರುದಿನವೂ ಇಲ್ಲ. *ನಾನೇ ಮೇಲೆ ಬಿದ್ದು ಕೇಳಿದೆನಲ್ಲ! ಥತ್!*

ಮುಂದಿನ ವಾರ ಕಚೇರಿಯಲ್ಲಿ ಅವಳು, "ನೀವು ಆ ಚಿತ್ರಗಳನ್ನ ಕಳಿಸಿಕೊಡಬೇಕಾಗಿ ವಿನಂತಿ," ಎಂದಳು. ತಿಹೊಮಿರ್ ಹೊಡೆಸಿಕೊಂಡವನಂತೆ ನಿಂತು, "ಆಯ್ತು, ಕಳಿಸ್ತೀನಿ," ಎಂದಷ್ಟೇ ಹೇಳಿ ಹೋದ.

ಜಗತ್ತಿಗೆಲ್ಲ ಮಾತಾಡುವ ಯಂತ್ರ ಮಾಡಿಕೊಡುವ ಕಂಪನಿಯಲ್ಲಿ, ಎದುರುಬದುರು ಮೇಜಿನ ಇಬ್ಬರು, ಕೇಳಿದರೆ ಮುಗಿಯುತ್ತಿದ್ದ ಒಂದು ಮಾತನ್ನು ಕೇಳಲಿಲ್ಲ. ಅವಳಿಗೆ ಅಭಿಮಾನ, ಅವನಿಗೆ ಸಂಕೋಚ. ಅಕ್ಟೋಬರಿನ ಕೊನೆಗೆ ಸುದ್ದಿ ಬಂತು: ಹೋಮ್ ಸ್ಕ್ರೀನನ್ನು ಶುಕ್ರವಾರ ಅಂತಿಮಗೊಳಿಸುತ್ತಾರೆ. ಅದಾದ ಮೇಲೆ ತಿಹೊಮಿರ್ ಕೈಗಡಿಯಾರದ ವಿಭಾಗಕ್ಕೆ, ಇನ್ನೊಂದು ಕಟ್ಟಡಕ್ಕೆ ಹೋಗುತ್ತಾನೆ. ತಾನಾಗಿಯೇ ಕೇಳಿ ಪಡೆದದ್ದಂತೆ.

*ಕೇಳಿ ಪಡೆದದ್ದು...* ನೆವೆನಾಳ ಎದೆಯಲ್ಲಿ ಏನೋ ಸದ್ದಿಲ್ಲದೆ ಮುರಿಯಿತು.

ಗುರುವಾರ ಕೊನೆಯ ಭೇಟಿ. ದೆಸಾಂಕಾ ಅಜ್ಜಿಯಿಂದ ಫೋನು ವಾಪಸು ತರಬೇಕು. ವಿನ್ಯಾಸಕಾರನೂ ಹೋಗಲೇಬೇಕೆಂದು ಮೇಲಿನವರ ಅಪ್ಪಣೆ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಒಂದೇ ಹೊಳೆಯನ್ನು ನೋಡಿದರು.

ಅಜ್ಜಿ ಬಾಗಿಲು ತೆರೆದವರೇ ಫೋನನ್ನು ಮೇಜಿನ ಮೇಲೆ ಕುಕ್ಕಿದರು. ಮುರಬ್ಬ ಇಲ್ಲ! ನೀರೂ ಇಲ್ಲ!

"ತಗೊಂಡು ಹೋಗಿ ಈ ಶನಿಯನ್ನ. ಇದು ಬಂದ ಮೇಲೆ ಸಾವ್ಕಾ ನನ್ನ ಜೊತೆ ಮಾತು ಬಿಟ್ಟಿದಾಳೆ."

"ಏನಾಯ್ತು ಅಜ್ಜಿ?" ನೆವೆನಾ ಕೂತಳು.

"ಏನಾಗಬೇಕು? ದಿನಾ ಬೆಳಿಗ್ಗೆ ಎದ್ದ ತಕ್ಷಣ ಅವಳು ಒಂದು ರಿಂಗ್ ಕೊಡ್ತಾಳೆ. 'ಇನ್ನೂ ಬದುಕಿದೀನಿ ಕಣೇ' ಅಂತ. ನಾನೂ ಒಂದು ಕೊಡ್ತೀನಿ. ಗಂಡಂದಿರು ಹೋದಾಗಿಂದ ಇದೇ ನಮ್ಮ ಬೆಳಗು. ಈಗ ರಿಂಗೇ ಇಲ್ಲ! ಇಸ್ಪೀಟಲ್ಲಿ ಸೋತಿದ್ದಕ್ಕೆ ಇಷ್ಟು ಸಿಟ್ಟಾ ಅಂತ ನಾನೂ ಸುಮ್ನಾದೆ. ಮೊನ್ನೆ ಮಾರ್ಕೆಟಲ್ಲಿ ಎದುರಿಗೆ ಬಂದ್ಲು. ಕೋಸಿನ ಕಡೆ ಮುಖ ತಿರುಗಿಸಿಕೊಂಡು ಹೋದ್ಲು." ಅಜ್ಜಿಯ ದನಿ ಒಡೆಯಿತು. "ಎಪ್ಪತ್ತು ದಾಟಿದ ಮೇಲೆ ಹೊಸ ಗೆಳತಿ ಎಲ್ಲಿಂದ ತರಲಿ ಮಗಾ?"

ಮೂಲೆಯಲ್ಲಿ ತಿಹೊಮಿರ್ ಬಿಳಿಚಿಕೊಂಡಿದ್ದ. ಬಾಯಿ ತೆರೆದ. ನಿಯಮ ನೆನಪಾಗಿ ಮುಚ್ಚಿದ. ಅವನ ಕಣ್ಣು ಮಾತ್ರ ಪರದೆಯ ಕೆಳತುದಿಯನ್ನೇ ತಿವಿಯುತ್ತಿತ್ತು.

ನೆವೆನಾ ಅತ್ತ ಬೆರಳಾಡಿಸಿದಳು. ಅಡಿಯಿಂದ ಬೂದು ಬಣ್ಣದ ಡಬ್ಬಿಯೊಂದು ಮೇಲೆದ್ದು ಬಂತು. ಮೇಲೆ 'ಬೇಡದ್ದು' ಎಂಬ ಹೆಸರು. ತೆರೆದಳು.

ಸಾವ್ಕಾ. ಸಾವ್ಕಾ. ಸಾವ್ಕಾ. ಪ್ರತಿ ಬೆಳಗಿನ ಸಾವ್ಕಾ.

"ಅಜ್ಜಿ, ಅವರು ದಿನಾ ಕೊಟ್ಟಿದಾರೆ..."

ಅಜ್ಜಿ ಎರಡೂ ಕೈ ಬಾಯಿಗಿಟ್ಟುಕೊಂಡರು. ಮರುಕ್ಷಣ ಗೋಡೆಯ ಹಳೇ ಫೋನಿನತ್ತ ಓಡಿ, "ಸಾವ್ಕಾ! ನಾನು ಕತ್ತೆ ಕಣೇ! ಅಲ್ಲ, ನಾನಲ್ಲ, ಈ ಫೋನು ಕತ್ತೆ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚತೊಡಗಿದರು.

ಆ ಗದ್ದಲದಲ್ಲಿ ನೆವೆನಾಳಿಗೆ ಮಾತ್ರ ಏನೂ ಕೇಳಿಸಲಿಲ್ಲ. ಅವಳ ಕೈ ತನ್ನ ಚೀಲದೊಳಕ್ಕೆ ಹೋಗಿತ್ತು. ತನ್ನ ಫೋನು. ಅದೇ ಹೋಮ್ ಸ್ಕ್ರೀನ್. ಅದೇ ಬೂದು ಡಬ್ಬಿ... ತೆರೆದಳು.

ತಿಹೊಮಿರ್. ತಿಹೊಮಿರ್. ತಿಹೊಮಿರ್. ಆ ಬಸ್ಸಿನ ಸಂಜೆಯಿಂದ ಹಿಡಿದು ನಿನ್ನೆಯ ಸಂಜೆಯವರೆಗೂ, ಒಂದು ದಿನವೂ ತಪ್ಪದೆ.

ಅವಳು ತಲೆ ಎತ್ತಿದಳು. ಅವನು ಅವಳ ಕೈಯಲ್ಲಿದ್ದ ಪರದೆಯನ್ನೇ ನೋಡುತ್ತಿದ್ದ. ತುಟಿ ಬಿಗಿದುಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವನಂತೆ ಸುಮ್ಮನೆ.

"ಈಗ ಬಾಯಿ ಬಿಡಬಹುದು," ಎಂದಳು.

"ಆ ಡಬ್ಬಿ ನಂದೇ. ಒಂದೇ ರಿಂಗಿಗೆ ನಿಲ್ಲೋ ಕರೆಗಳು ಮೋಸದವು ಅಂತ... ಮೊದಲನೇ ರಿಂಗು ಕೇಳಿಸದ ಹಾಗೆ ಮಾಡಿ, ಒಳಗೆ ತಳ್ಳಿಬಿಟ್ಟೆ."

"ದಿನಾ ಒಂದೇ ರಿಂಗ್ ಕೊಡೋ ಮನುಷ್ಯ ನೀನು! ನಿನಗೇ ಹೊಳೀಲಿಲ್ವಾ?"

"ಮನೇಲಿ ನಾನು ಮನುಷ್ಯ. ಆಫೀಸಿಗೆ ಹೋದ್ರೆ ವಿನ್ಯಾಸಕಾರ ಆಗ್ತಿದ್ದೆ." ಅವನು ಕೆದರಿದ ತಲೆಯನ್ನು ಇನ್ನಷ್ಟು ಕೆದರಿಕೊಂಡ. "ನೀನು ತಿರುಗಿ ರಿಂಗ್ ಕೊಡ್ಲಿಲ್ಲ. ಬೇಡ ಅಂತ ಆಯ್ತು ಅಂದ್ಕೊಂಡೆ. ಆದ್ರೂ ಬಿಡೋಕೆ ಆಗ್ಲಿಲ್ಲ... ಆದರೆ ನೆವೆನಾ, ಇದು ಪರೀಕ್ಷೆಯವರಿಗೆ ಕೊಟ್ಟಿದ್ದು. ನಿನ್ನ ಫೋನಿಗೆ ಹೇಗೆ ಬಂತು?"

"ನಾನೇ ಹಾಕ್ಕೊಂಡೆ."

"ಇಷ್ಟು ಕೆಟ್ಟದ್ದನ್ನಾ? ಯಾಕೆ?"

ಅವಳು ಕೇಳಿದ್ದ ಸಾವಿರಾರು ಚಿಕ್ಕ ಪ್ರಶ್ನೆಗಳಲ್ಲಿ ಒಂದು, ಹೀಗೆ ಅವಳ ಕಡೆಗೇ ತಿರುಗಿತ್ತು. ಕೇಳಿದವನು ಅವಳಿಂದಲೇ ಕಲಿತವನು; ಸುಮ್ಮನೆ ಕಾದ.

"ನೀನು ಮಾಡಿದ್ದಲ್ವಾ... ಅದಕ್ಕೆ," ಎಂದಳು.

ಗೋಡೆಯ ಫೋನಿಗೆ ಅಡ್ಡ ಕೈಯಿಟ್ಟು ಅಜ್ಜಿ ಇತ್ತ ತಿರುಗಿದರು. "ಒಂದು ನಿಮಿಷ ಇರೇ ಸಾವ್ಕಾ, ಇಲ್ಲಿ ಏನೋ ನಡೀತಿದೆ. ಏನೋ ಮಗಾ, ನಿಮ್ಮ ಕಂಪನಿಯವರು ಹುಡುಗಿಗೆ ಪ್ರೀತಿ ಹೇಳೋಕೂ ಸಭೆ ಕರೀತಾರಾ?"

ತಿಹೊಮಿರ್ ಎದ್ದ. ಬಾಗಿಲು ದಾಟಿ ಅಂಗಳಕ್ಕೆ ಹೋಗಿ, ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಜೇಬಿಂದ ಫೋನು ತೆಗೆದ.

ನೆವೆನಾಳ ಕೈಯಲ್ಲಿದ್ದ ಫೋನು ಸದ್ದು ಮಾಡಲಿಲ್ಲ. ಮಾಡುವಂತೆ ಅದನ್ನು ಕಟ್ಟಿರಲೂ ಇಲ್ಲ. ಅವಳು ಬೂದು ಡಬ್ಬಿಯನ್ನೇ ನೋಡುತ್ತ ಕೂತಳು. ಸಾಲಿನ ತಲೆಯ ಮೇಲೆ ಇನ್ನೊಂದು ತಿಹೊಮಿರ್ ಮೂಡಿದ.

"ಬಂತಾ?" ಕಿಟಕಿಯ ಆಚೆಯಿಂದ ಅವನ ದನಿ.

"ಬಂತು."

"ಏನಂತ ಬಂತು?"

ನೆವೆನಾ ಕಣ್ಣೊರೆಸಿಕೊಂಡು ನಕ್ಕಳು. "ಮನೆ ತಲುಪಿದೆ ಅಂತ."

ಶುಕ್ರವಾರದ ಸಭೆಯಲ್ಲಿ ಬೂದು ಡಬ್ಬಿಯನ್ನು ತೆಗೆದುಹಾಕಲಾಯಿತು. ಒಂದು ರಿಂಗಿನ ಕರೆಗಳು ಹೆಸರಿನ ಸಮೇತ ಹೋಮ್ ಸ್ಕ್ರೀನಿನ ನೆತ್ತಿಗೆ ಬಂದವು. ಕೈಗಡಿಯಾರದ ವಿಭಾಗದವರು ಬೇರೊಬ್ಬನನ್ನು ನೇಮಿಸಿಕೊಂಡರು. ಹಸಿರು ಫೋನು ಎಡಮೂಲೆಗೆ ವಾಪಸಾಯಿತು.