ಎಲೆತೋಟಕ್ಕೆ ಬಿಟ್ಟ ನೀರು

ಸವಣೂರಿನ ಚರಂಡಿ ನೀರನ್ನು ಶುದ್ಧ ಮಾಡಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವ ಘಟಕದಲ್ಲಿ ನನಗೆ ಕೆಲಸ. ಆ ನೀರು ಮೊದಲು ಹರಿಯಬೇಕಾಗಿದ್ದು ನಮ್ಮದೇ ಎಲೆತೋಟಕ್ಕೆ. ಬಾವಿ ಬತ್ತಿ ವಾರವಾಗಿತ್ತು. ಅಪ್ಪ ಹಚ್ಚಿದ ವೀಳ್ಯದೆಲೆಯ ಬಳ್ಳಿಗಳು ಇನ್ನೆರಡು ದಿನ ತಡೆಯುವಂತಿರಲಿಲ್ಲ. ಆದರೂ ಅವ್ವ ಘಟಕದಿಂದ ಬಂದ ಕೊಳವೆಗೆ ಅಡ್ಡ ಕೂತಳು.

"ನಿಮ್ಮಪ್ಪ ಬಾಯಾಗ ಹಾಕ್ಕೊಂಡು ನೋಡಲಾರ್ದ ಯಾವ ನೀರೂ ಬಳ್ಳಿಗೆ ಬಿಟ್ಟಾಂವಲ್ಲ. ನೀ ನೋಡ್ತೀ ಏನು ವಿದ್ಯಾ?"

"ಇದು ಕುಡಿಯೂ ನೀರಲ್ಲ ಬೇ."

"ಹಂಗಾರ ನನ್ನ ಬಳ್ಳಿ ಯಾಕ ಕುಡೀಬೇಕು?"

ಅಪ್ಪ ದಿನಾ ಬೆಳಿಗ್ಗೆ ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಮುಕ್ಕಳಿಸಿ, ಬಳ್ಳಿಯ ಬುಡಕ್ಕೆ ಉಗುಳುತ್ತಿದ್ದ. ಆಮೇಲೆಯೇ "ಬಿಡ್ರಿ" ಎನ್ನುತ್ತಿದ್ದ. ಅವನು ತೀರಿಕೊಂಡು ಮೂರು ವರ್ಷ.

ಮಟಮಟ ಮಧ್ಯಾಹ್ನ. ಬಳ್ಳಿಗಳ ಸಾಲಿನೊಳಗಿಂದ ತಂಪು ಗಾಳಿ ಬಂತು, ಹಿಂದೆಯೇ ಅಪ್ಪ ಜಗಿಯುತ್ತಿದ್ದ ತಂಬಾಕಿನ ವಾಸನೆ. ಯಾರೋ ನಿಧಾನವಾಗಿ ಬಾಯಿ ಮುಕ್ಕಳಿಸುವ ಸದ್ದು. ಆಮೇಲೆ ಉಗುಳಿದ ಸದ್ದು.

ಅವ್ವ ತಿರುಗಿ ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ಪಕ್ಕಕ್ಕೆ ಸರಿದಳು. "ಬಿಡು," ಎಂದಳು.

ಬಿಡುವ ಮೊದಲು ಆ ಸಾಲಿಗೆ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಒಂದು ಬಳ್ಳಿಯ ಬುಡದಲ್ಲಿ ಅಂಗೈಯಗಲ ಮಣ್ಣು ಒದ್ದೆಯಾಗಿತ್ತು. ಬಗ್ಗಿ ಮೂಸಿದರೆ ನಮ್ಮ ಘಟಕದ ಕ್ಲೋರಿನ್ ವಾಸನೆ. ಕೊಳವೆಯಲ್ಲಿ ಇನ್ನೂ ಒಂದು ಹನಿಯೂ ಬಂದಿರಲಿಲ್ಲ.